ಕೆಚ್ಚಲು ಬಾವಿನ ಚಿಕಿತ್ಸೆಯಲ್ಲಿ ಪ್ರತಿಜೈವಿಕಗಳ ಮಿತಬಳಕೆ

ಹಾಲು ಕೊಡುವ ಹಸುಗಳ ಕೆಚ್ಚಲು ಬಾವಿಗೆ, ಆಂಟಿಬಯಾಟಿಕ್ ಎಂದು ರೂಢಿಯಲ್ಲಿರುವ ಪ್ರತಿಜೈವಿಕ ಔಷಧಗಳನ್ನು ಬಾವು ಕಂಡಾಗಲೆಲ್ಲ ಕೊಡದೆ, ರೋಗಕಾರಕ ಯಾವುದೆಂದು ತಿಳಿದುಕೊಂಡು, ಔಷಧದಿಂದ ಗುಣವಾಗುವ ಸಂಭವವಿರುವ ಹಸುವಿಗೆ ಅಗತ್ಯವಿರುವಷ್ಟೇ ದಿನ ಕೊಡುವ ಕ್ರಮವನ್ನು ಪ್ರತಿಜೈವಿಕಗಳ ಮಿತಬಳಕೆ ಎನ್ನುತ್ತಾರೆ. ಹೈನುರಾಸುಗಳಿಗೆ ಬಳಕೆಯಾಗುವ ಪ್ರತಿಜೈವಿಕಗಳಲ್ಲಿ ಅತಿ ದೊಡ್ಡ ಪಾಲು ಕೆಚ್ಚಲಿಗೇ ಸಲ್ಲುವುದರಿಂದ, ಈ ಒಂದು ಅಂಗದ ಚಿಕಿತ್ಸೆ ಬದಲಾದರೆ ಇಡೀ ಹೈನುಗಾರಿಕೆಯ ಔಷಧ ಬಳಕೆಯ ಪ್ರಮಾಣವೇ ಬದಲಾಗುತ್ತದೆ. ಔಷಧ ಕೊಡುವ ಮುಖ್ಯ ಸಂದರ್ಭಗಳು ಎರಡು: ಹಾಲು ಕರೆಯುತ್ತಿರುವ ಕಾಲದಲ್ಲಿ ಬಾವು ಬಂದಾಗ ಮತ್ತು ಕರು ಹಾಕಲು ಸುಮಾರು ಎರಡು ತಿಂಗಳಿರುವಾಗ ಹಸುವಿನ ಹಾಲು ಬತ್ತಿಸುವಾಗ. ಮೊದಲನೆಯದು ಎಲ್ಲರ ಕಣ್ಣಿಗೆ ಬೀಳುವಂಥದ್ದು. ಆದರೆ ಪಾಶ್ಚಾತ್ಯ ಹೈನುಗಾರಿಕೆಯಲ್ಲಿ ರೋಗವೇ ಇಲ್ಲದ ಕೆಚ್ಚಲುಗಳಿಗೆ ಔಷಧ ಹೋಗುತ್ತಿದ್ದದ್ದು ಎರಡನೆಯ ಸಂದರ್ಭದಲ್ಲಿ. ಮಿತಬಳಕೆಯ ಚರ್ಚೆ ಅಲ್ಲಿಯೇ ಹೆಚ್ಚು ಕಾವೇರಿದ್ದು ಈ ಕಾರಣದಿಂದ.

ರೋಗದ ಸ್ವರೂಪ

ಕೆಚ್ಚಲು ಹೊರನೋಟಕ್ಕೆ ಒಂದೇ ಆಗಿ ಕಂಡರೂ, ಒಳಗೆ ಒಂದರ ಹಾಲು ಇನ್ನೊಂದಕ್ಕೆ ಹರಿಯದ ನಾಲ್ಕು ಪ್ರತ್ಯೇಕ ಭಾಗಗಳಿಂದ ಆಗಿದೆ. ಪ್ರತಿ ಭಾಗಕ್ಕೂ ಒಂದು ಮೊಲೆತೊಟ್ಟು, ಆ ತೊಟ್ಟಿನ ತುದಿಯಲ್ಲಿ ಸುಮಾರು ಒಂದು ಸೆಂಟಿಮೀಟರ್ ಉದ್ದದ ಕಿರುನಾಳ ಇರುತ್ತದೆ. ಹಾಲು ಕರೆದ ಮೇಲೆ ಈ ನಾಳ ಪೂರ್ತಿ ಮುಚ್ಚಿಕೊಳ್ಳಲು ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುವುದರಿಂದ, ಅಷ್ಟರೊಳಗೆ ಹಸು ಸಗಣಿ–ಗಂಜಲದ ನೆಲದ ಮೇಲೆ ಮಲಗಿದರೆ ಬ್ಯಾಕ್ಟೀರಿಯಾಗಳಿಗೆ ಒಳದಾರಿ ಸಿಕ್ಕಂತಾಗುತ್ತದೆ. ಒಳಹೊಕ್ಕ ಸೂಕ್ಷ್ಮಜೀವಿಯನ್ನು ಎದುರಿಸಲು ರಕ್ತದಿಂದ ಬಿಳಿಕಣಗಳು ಹಾಲಿಗೆ ಇಳಿದು ಬರುತ್ತವೆ; ಒಂದು ಮಿಲಿಲೀಟರ್ ಹಾಲಿನಲ್ಲಿ ಇಂಥ ಕೋಶಗಳು ಎಷ್ಟಿವೆ ಎಂಬ ಲೆಕ್ಕಕ್ಕೆ ದೇಹಕೋಶ ಎಣಿಕೆ ಎಂದು ಹೆಸರು. ಎಣಿಕೆ 2 ಲಕ್ಷಕ್ಕಿಂತ ಕಡಿಮೆಯಿದ್ದರೆ ಕೆಚ್ಚಲು ಬಹುಮಟ್ಟಿಗೆ ಆರೋಗ್ಯವಾಗಿದೆಯೆಂದೂ, ಅದನ್ನು ಮೀರಿದರೆ ಸೋಂಕಿನ ಅನುಮಾನವಿದೆಯೆಂದೂ ತಜ್ಞರು ಪರಿಗಣಿಸುತ್ತಾರೆ.

ಬಾವು ಎರಡು ಬಗೆಯಾಗಿ ಇರುತ್ತದೆ. ಹಾಲಿನಲ್ಲಿ ಹೆಪ್ಪು, ನೀರುನೀರಾದ ಹಾಲು, ಕೆಚ್ಚಲಿನ ಊತ ಮತ್ತು ಬಿಸಿ ಕಾಣುವುದು ಪ್ರಕಟ ಬಾವು. ಹಾಲೂ ಕೆಚ್ಚಲೂ ಮೇಲ್ನೋಟಕ್ಕೆ ಸರಿಯಿದ್ದು, ಕೋಶ ಎಣಿಕೆ ಮಾತ್ರ ಏರಿ, ಇಳುವರಿ ಸದ್ದಿಲ್ಲದೆ ಇಳಿಯುವುದು ಸುಪ್ತ ಬಾವು. ಪ್ರಕಟ ಬಾವನ್ನು ತೀವ್ರತೆಗೆ ತಕ್ಕಂತೆ ಮೂರು ದರ್ಜೆಗಳಾಗಿ ವಿಂಗಡಿಸುತ್ತಾರೆ: ಹಾಲು ಮಾತ್ರ ಕೆಟ್ಟಿರುವುದು ಒಂದನೆಯದು, ಕೆಚ್ಚಲೂ ಊದಿಕೊಂಡಿರುವುದು ಎರಡನೆಯದು, ಹಸುವೇ ಜ್ವರ ಬಂದು ಮೇವು ಬಿಟ್ಟು ಮಂಕಾಗುವುದು ಮೂರನೆಯದು. ಈ ವಿಂಗಡಣೆ ಔಷಧ ಕೊಡಬೇಕೇ, ಒಂದು ದಿನ ಕಾಯಬಹುದೇ ಎಂಬ ನಿರ್ಧಾರಕ್ಕೆ ನೇರವಾಗಿ ನೆರವಾಗುತ್ತದೆ.

ರೋಗಕಾರಕಗಳಲ್ಲಿಯೂ ಎರಡು ಗುಂಪುಗಳಿವೆ. ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆ ಮತ್ತು ಸ್ಟಫಿಲೊಕಾಕಸ್ ಆರಿಯಸ್ ಒಂದು ಕೆಚ್ಚಲಿನಿಂದ ಇನ್ನೊಂದಕ್ಕೆ ಕರೆಯುವವರ ಕೈ, ಒರೆಸುವ ಬಟ್ಟೆ, ಕರೆಯುವ ಯಂತ್ರದ ಬಟ್ಟಲುಗಳ ಮೂಲಕ ಹರಡುವ ಸಾಂಕ್ರಾಮಿಕ ಜಾತಿಗಳು. ಎಶ್ಚೆರಿಚಿಯ ಕೋಲಿ, ಕ್ಲೆಬ್ಸಿಯೆಲ್ಲ, ಸ್ಟ್ರೆಪ್ಟೊಕಾಕಸ್ ಯುಬೆರಿಸ್ ಮುಂತಾದವು ಕೊಟ್ಟಿಗೆಯ ನೆಲ, ಹಾಸು, ಸಗಣಿಯಿಂದ ಬರುವ ಪರಿಸರಜನ್ಯ ಜಾತಿಗಳು. ಇವುಗಳಲ್ಲಿ ಪ್ರತಿಯೊಂದೂ ಔಷಧಕ್ಕೆ ತೋರುವ ಪ್ರತಿಕ್ರಿಯೆ ಬೇರೆ. ಅಗಲಾಕ್ಟಿಯೆ ಪೆನ್ಸಿಲಿನ್‌ಗೆ ಸುಲಭವಾಗಿ ಮಣಿಯುತ್ತದೆ, ಕೆಚ್ಚಲು ಬಿಟ್ಟರೆ ಅದಕ್ಕೆ ಬೇರೆ ನೆಲೆಯೂ ಹೆಚ್ಚಿಲ್ಲ. ಆದ್ದರಿಂದ ಅಲ್ಲಿ ಔಷಧ ಕೊಟ್ಟು ಮಂದೆಯಿಂದಲೇ ಅದನ್ನು ತೊಲಗಿಸುವುದು ಸರಿಯಾದ ಕ್ರಮ. ಆರಿಯಸ್ ಕೆಚ್ಚಲಿನ ಅಂಗಾಂಶದೊಳಗೆ ಕೀವುಗಂಟು ಕಟ್ಟಿಕೊಂಡು, ಕೋಶಗಳೊಳಗೂ ಅವಿತುಕೊಂಡು, ಔಷಧ ತಲುಪದಂತೆ ಉಳಿಯುವುದರಿಂದ, ಹಲವು ಸೂಲು ಕಂಡ ಹಸುವಿನಲ್ಲಿ ಹಳೆಯದಾದ ಆರಿಯಸ್ ಸೋಂಕಿಗೆ ಮತ್ತೆ ಮತ್ತೆ ಟ್ಯೂಬು ಏರಿಸುವುದು, ಅಂದರೆ ತೊಟ್ಟಿನ ನಾಳದ ಮೂಲಕ ಔಷಧವನ್ನು ಒಳಸೇರಿಸುವುದು, ಹಾಲನ್ನೂ ಹಣವನ್ನೂ ಚೆಲ್ಲಿದಂತೆಯೇ ಸರಿ. ಕೋಲಿಯ ಬಾವಿನಲ್ಲಿ ಹಾನಿ ಮಾಡುವುದು ಅದರ ಕೋಶಭಿತ್ತಿಯಿಂದ ಬಿಡುಗಡೆಯಾಗುವ ಒಳವಿಷ. ರೋಗಲಕ್ಷಣ ಕಾಣುವ ಹೊತ್ತಿಗೆ ಹಸುವಿನ ರಕ್ಷಣಾವ್ಯವಸ್ಥೆ ಬ್ಯಾಕ್ಟೀರಿಯಾವನ್ನು ಅರ್ಧಕ್ಕರ್ಧ ಮುಗಿಸಿರುವುದೂ ಉಂಟು. ಯೀಸ್ಟ್ ಮತ್ತು ಪ್ರೊಟೊಥೀಕ ಎಂಬ ಪಾಚಿಯ ಮೇಲೆ ಪ್ರತಿಜೈವಿಕ ಕೆಲಸವನ್ನೇ ಮಾಡುವುದಿಲ್ಲ; ಕೊಳಕು ಕೈಯಿಂದ ಟ್ಯೂಬು ಏರಿಸಿದಾಗಲೇ ಯೀಸ್ಟ್ ಒಳಸೇರುವ ಸಂದರ್ಭಗಳಿವೆ.

ರೂಢಿ ಬೆಳೆದ ಬಗೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಳಕೆಗೆ ಬಂದ ಪೆನ್ಸಿಲಿನ್ ಕೆಲವೇ ವರ್ಷಗಳಲ್ಲಿ ಹಸುವಿನ ಕೆಚ್ಚಲನ್ನೂ ತಲುಪಿತು. ಆದರೆ ಔಷಧವನ್ನು ಎಲ್ಲ ಹಸುಗಳಿಗೂ ಕೊಡುವ ರೂಢಿಗೆ ಶಾಸ್ತ್ರೀಯ ಬುನಾದಿ ಸಿಕ್ಕಿದ್ದು 1960ರ ದಶಕದಲ್ಲಿ, ಇಂಗ್ಲೆಂಡಿನ ರೆಡಿಂಗ್ ಬಳಿಯ ಶಿನ್‌ಫೀಲ್ಡ್‌ನಲ್ಲಿದ್ದ ರಾಷ್ಟ್ರೀಯ ಹೈನುಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ. ಅಲ್ಲಿನ ನೀವ್, ಡಾಡ್ ಮತ್ತು ಸಂಗಡಿಗರು ರೂಪಿಸಿದ ಐದು ಅಂಶಗಳ ಯೋಜನೆಯು, ಕರೆದ ನಂತರ ತೊಟ್ಟುಗಳನ್ನು ಸೋಂಕುನಿವಾರಕದಲ್ಲಿ ಅದ್ದುವುದು, ಪ್ರಕಟ ಬಾವಿಗೆ ಚಿಕಿತ್ಸೆ ಕೊಟ್ಟು ದಾಖಲಿಸುವುದು, ಬತ್ತಿಸುವಾಗ ಎಲ್ಲ ಹಸುಗಳ ನಾಲ್ಕೂ ಭಾಗಗಳಿಗೆ ದೀರ್ಘಕಾಲ ಉಳಿಯುವ ಪ್ರತಿಜೈವಿಕ ಏರಿಸುವುದು, ಗುಣವಾಗದ ಹಸುಗಳನ್ನು ಮಂದೆಯಿಂದ ತೆಗೆಯುವುದು, ಕರೆಯುವ ಯಂತ್ರವನ್ನು ಸುಸ್ಥಿತಿಯಲ್ಲಿಡುವುದು ಎಂಬ ಐದು ಕ್ರಮಗಳನ್ನು ಒಟ್ಟಿಗೆ ಅನುಸರಿಸಬೇಕೆಂದು ವಿಧಿಸಿತು. ಸಾಂಕ್ರಾಮಿಕ ಬಾವು ಬಹುಪಾಲು ಮಂದೆಗಳಲ್ಲಿ ಬೇರೂರಿದ್ದ ಆ ಕಾಲಕ್ಕೆ ಈ ಯೋಜನೆ ಸರಿಯಾಗಿಯೇ ಇತ್ತು. ಮುಂದಿನ ದಶಕಗಳಲ್ಲಿ ಅಗಲಾಕ್ಟಿಯೆ ಪಾಶ್ಚಾತ್ಯ ಮಂದೆಗಳಲ್ಲಿ ಅಪರೂಪವಾದದ್ದೇ ಅದಕ್ಕೆ ಸಾಕ್ಷಿ. ಆದರೆ ಸೋಂಕು ಇಳಿದ ಮೇಲೂ ಎಲ್ಲರಿಗೂ ಔಷಧ ಎಂಬ ಅಂಶ ಮಾತ್ರ ಹಾಗೆಯೇ ಉಳಿಯಿತು, ಹತ್ತರಲ್ಲಿ ಏಳೆಂಟು ಕೆಚ್ಚಲು ಸೋಂಕಿಲ್ಲದ್ದಾಗಿದ್ದ ಮಂದೆಯಲ್ಲೂ ಎಲ್ಲ ಹಸುಗಳಿಗೂ ಟ್ಯೂಬು ಏರಿಸುವುದು ನಡೆಯಿತು. ಶಿನ್‌ಫೀಲ್ಡ್‌ನ ಫಲಿತಾಂಶಗಳು ಪ್ರಕಟವಾದ 1969ರಲ್ಲಿಯೇ, ಪ್ರಾಣಿಗಳಿಗೆ ಮಿತಿಮೀರಿ ಪ್ರತಿಜೈವಿಕ ಕೊಟ್ಟರೆ ಮನುಷ್ಯರ ಔಷಧಗಳೂ ನಿಷ್ಫಲವಾದಾವೆಂದು ಎಚ್ಚರಿಸಿದ ಸ್ವಾನ್ ಸಮಿತಿಯ ವರದಿಯೂ ಬ್ರಿಟನ್ನಿನಲ್ಲಿ ಹೊರಬಂದಿತೆಂಬುದು ಗಮನಾರ್ಹ. ಅದರ ದೃಷ್ಟಿ ಇದ್ದದ್ದು ಮೇವಿನಲ್ಲಿ ಬೆರೆಸುವ ಔಷಧಗಳ ಮೇಲೆಯೇ ಹೊರತು ಕೆಚ್ಚಲಿನ ಮೇಲಲ್ಲ.

ಬಳಕೆಯನ್ನು ತಗ್ಗಿಸಬೇಕೆನ್ನುವುದಕ್ಕೆ ಕೊಡುವ ಕಾರಣಗಳಲ್ಲಿ ಒಂದನ್ನು ಸ್ವಲ್ಪ ತಿದ್ದಿ ಹೇಳಬೇಕಾಗುತ್ತದೆ. ದಶಕಗಳ ಬಳಕೆಯ ನಂತರವೂ ಕೆಚ್ಚಲು ಬಾವಿನ ಬ್ಯಾಕ್ಟೀರಿಯಾಗಳಲ್ಲಿ ಔಷಧ ನಿರೋಧಕತೆ, ಅಂದರೆ ಔಷಧಕ್ಕೆ ಬಗ್ಗದೆ ಬದುಕುವ ಗುಣ, ಹಲವರು ಭಾವಿಸುವಷ್ಟು ಏರಿಲ್ಲ. ಹೆಚ್ಚಿನ ಆತಂಕ ಇರುವುದು ಹಸುವಿನ ಮತ್ತು ಕರುವಿನ ಕರುಳಿನ ಬ್ಯಾಕ್ಟೀರಿಯಾಗಳ ವಿಷಯದಲ್ಲಿ. ಔಷಧ ಪಡೆದ ಹಸುವಿನ ಹಾಲನ್ನು ಡೈರಿಗೆ ಹಾಕುವಂತಿಲ್ಲವಾದ್ದರಿಂದ ಅದನ್ನು ಕರುಗಳಿಗೆ ಕುಡಿಸುವುದು ಹಲವು ದೇಶಗಳಲ್ಲಿ ಸಾಮಾನ್ಯ. ಆ ಹಾಲಿನಲ್ಲಿರುವ ಅಲ್ಪ ಪ್ರಮಾಣದ ಔಷಧವೇ ಕರುವಿನ ಕರುಳಿನಲ್ಲಿ ನಿರೋಧಕ ತಳಿಗಳನ್ನು ಆರಿಸಿ ಬೆಳೆಸುತ್ತದೆ. ಔಷಧದ ಶೇಷ ಹಾಲಿನಲ್ಲಿ ಉಳಿದರೆ ಹೆಪ್ಪಿನ ಬ್ಯಾಕ್ಟೀರಿಯಾ ಬೆಳೆಯದೆ ಮೊಸರೂ ಗಿಣ್ಣೂ ಸರಿಯಾಗಿ ಆಗುವುದಿಲ್ಲವೆಂಬುದು ಹಾಲು ಸಂಸ್ಕರಣೆಯವರಿಗೆ ಇನ್ನೂ ಹಳೆಯ ತಲೆನೋವು.

ನೆದರ್ಲೆಂಡ್ಸಿನ ಪ್ರಯೋಗ

ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮತ್ತು ಫಿನ್ಲೆಂಡ್ ದೇಶಗಳು ಎಲ್ಲ ಹಸುಗಳಿಗೂ ಔಷಧ ಕೊಡುವ ರೂಢಿಗೆ ಪೂರ್ತಿಯಾಗಿ ಒಪ್ಪಿಸಿಕೊಂಡಿರಲೇ ಇಲ್ಲ. ಡೆನ್ಮಾರ್ಕ್ 1995ರಲ್ಲಿ ಪಶುವೈದ್ಯರು ಔಷಧ ಮಾರಾಟದಿಂದ ಗಳಿಸಬಹುದಾದ ಲಾಭಕ್ಕೂ ಕಡಿವಾಣ ಹಾಕಿತು. ಆದ್ದರಿಂದ ರೂಢಿಯನ್ನು ಹತ್ತಿಸಿಕೊಂಡು ಅನಂತರ ಬಿಟ್ಟ ದೇಶದ ಉದಾಹರಣೆಯಾಗಿ ನೆದರ್ಲೆಂಡ್ಸನ್ನೇ ನೋಡಬೇಕು. ಹಂದಿಗಳಲ್ಲಿ ಮೆಥಿಸಿಲಿನ್‌ಗೆ ಬಗ್ಗದ ಸ್ಟಫಿಲೊಕಾಕಸ್ ತಳಿ ಪತ್ತೆಯಾಗಿ, ಅದು ಸಾಕುವವರಿಗೂ ದಾಟಿದ್ದು ಗೊತ್ತಾದ ಮೇಲೆ, 2008ರಲ್ಲಿ ಸರ್ಕಾರ, ರೈತಸಂಘಟನೆಗಳು ಮತ್ತು ಪಶುವೈದ್ಯರ ಸಂಘ ಒಪ್ಪಂದವೊಂದಕ್ಕೆ ಬಂದವು. 2009ರ ಮಟ್ಟಕ್ಕೆ ಹೋಲಿಸಿ 2013ರೊಳಗೆ ಪಶುಗಳ ಪ್ರತಿಜೈವಿಕ ಬಳಕೆಯನ್ನು ಅರ್ಧಕ್ಕೆ ಇಳಿಸಬೇಕೆಂಬ ಗುರಿ ನಿಗದಿಯಾಯಿತು; ಆ ಗುರಿಯನ್ನು ದಾಟಿಯೇ ಇಳಿಕೆ ಆಯಿತು. 2010ರಲ್ಲಿ ಸ್ಥಾಪನೆಯಾದ, ಎಸ್‌ಡಿಎ ಎಂಬ ಕಿರುಹೆಸರಿನ ಪಶುಔಷಧ ಪ್ರಾಧಿಕಾರವು ಪ್ರತಿ ಕೊಟ್ಟಿಗೆಯ ಬಳಕೆಯನ್ನು ಅಳೆದು, ಸಮಾನ ಕೊಟ್ಟಿಗೆಗಳೊಂದಿಗೆ ಹೋಲಿಸಿ, ಮಿತಿ ಮೀರಿದವರಿಗೆ ತಿಳಿಸತೊಡಗಿತು. ಔಷಧ ಬರೆದುಕೊಡುವ ಪಶುವೈದ್ಯರನ್ನೂ ಇದೇ ಬಗೆಯಲ್ಲಿ ಅಳೆಯಲಾಯಿತು. ಪ್ರತಿ ರೈತನೂ ಒಬ್ಬ ನಿಗದಿತ ಪಶುವೈದ್ಯರೊಂದಿಗೆ ಕರಾರು ಮಾಡಿಕೊಂಡು, ವರ್ಷಕ್ಕೊಮ್ಮೆ ಮಂದೆಯ ಆರೋಗ್ಯ ಯೋಜನೆಯನ್ನು ಬರೆಯಬೇಕೆಂಬ ನಿಯಮ ಬಂದಿತು.

ಬತ್ತಿಸುವಾಗ ಎಲ್ಲ ಹಸುಗಳಿಗೂ ಟ್ಯೂಬು ಏರಿಸುವ ಕ್ರಮಕ್ಕೆ ಅಲ್ಲಿ ಅವಕಾಶ ಇಲ್ಲವಾದ ಮೇಲೆ, ಯಾವ ಹಸುವಿಗೆ ಏರಿಸಬೇಕೆಂಬುದಕ್ಕೆ ಅಳತೆಗೋಲು ಬೇಕಾಯಿತು. ಪಶುವೈದ್ಯರ ಸಂಘ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಬತ್ತಿಸುವ ಮುನ್ನ ನಡೆದ ಕೊನೆಯ ಪರೀಕ್ಷೆಯಲ್ಲಿ ಕೋಶ ಎಣಿಕೆ ಮೊದಲ ಸೂಲಿನ ಹಸುವಿಗೆ 1,50,000ಕ್ಕಿಂತ, ಅನಂತರದ ಸೂಲುಗಳ ಹಸುವಿಗೆ 50,000ಕ್ಕಿಂತ ಕಡಿಮೆಯಿದ್ದರೆ ಔಷಧ ಬೇಡ. ಈ ಪದ್ಧತಿಗೆ ಆಯ್ದ ಬತ್ತುಚಿಕಿತ್ಸೆ ಎನ್ನಬಹುದು. ಇದಕ್ಕೆ ಬೆಲೆ ತೆರಬೇಕಾಗಲಿಲ್ಲವೆಂದು ಹೇಳುವಂತಿಲ್ಲ. 2014ರಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದು 97 ಮಂದೆಗಳ ಕಡಿಮೆ ಎಣಿಕೆಯ ಹಸುಗಳಲ್ಲಿ ಒಂದೇ ಕೆಚ್ಚಲಿನ ಎರಡು ಭಾಗಗಳಿಗೆ ಔಷಧ ಕೊಟ್ಟು, ಉಳಿದೆರಡನ್ನು ಹಾಗೆಯೇ ಬತ್ತಿಸಿ ನೋಡಿದಾಗ, ಔಷಧವಿಲ್ಲದ ಭಾಗಗಳಲ್ಲಿ ಪ್ರಕಟ ಬಾವು 1.7 ಪಟ್ಟು ಹೆಚ್ಚು ಕಂಡಿತು; ಆದರೆ ಬಾವು ಬಂದಾಗ ಕೊಟ್ಟ ಔಷಧವನ್ನೂ ಸೇರಿಸಿ ಲೆಕ್ಕ ಹಾಕಿದರೂ ಪ್ರತಿಜೈವಿಕ ಬಳಕೆ ಶೇ. 85ರಷ್ಟು ಇಳಿದಿತ್ತು. ಒಂದು ಪ್ರಾಣಿಯ ನೋವನ್ನು ಸ್ವಲ್ಪ ಹೆಚ್ಚಿಸಿ ಸಮಾಜದ ಒಟ್ಟು ಔಷಧ ಬಳಕೆಯನ್ನು ಬಹಳ ಇಳಿಸುವುದು ಸರಿಯೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಮಾರ್ಗಸೂಚಿಯ ಮಿತಿಯನ್ನು 50,000ದಷ್ಟು ಕೆಳಗೆ ಇಟ್ಟಿರುವುದೇ, ಸೋಂಕಿರುವ ಹಸು ತಪ್ಪಿಹೋಗಬಾರದೆಂಬ ಎಚ್ಚರದಿಂದ.

ಬತ್ತಿದ ಹಸುವಿನ ತೊಟ್ಟಿನ ನಾಳದಲ್ಲಿ ಕೆರಾಟಿನ್ ಎಂಬ ಮೇಣದಂಥ ಪದಾರ್ಥ ಸೇರಿ ಬಿರಡೆಯಾಗುತ್ತದೆ. ಹೆಚ್ಚು ಹಾಲು ಕೊಡುವ ಹಸುಗಳಲ್ಲಿ ಕೆಲವು ತೊಟ್ಟುಗಳಿಗೆ ಈ ಬಿರಡೆ ವಾರಗಳು ಕಳೆದರೂ ಕಟ್ಟಿಕೊಳ್ಳುವುದಿಲ್ಲ. ಔಷಧ ಕೊಡದ ಹಸುವಿಗೆ ಬಿಸ್ಮತ್ ಸಬ್‌ನೈಟ್ರೇಟ್ ಎಂಬ ಲವಣದಿಂದ ಮಾಡಿದ ಮುದ್ದೆಯಾದ ತೊಟ್ಟುಮುದ್ರೆಯನ್ನು ಒಳಗಿಟ್ಟು ನಾಳವನ್ನು ಮುಚ್ಚುವುದು ಇದಕ್ಕೆ ಪರಿಹಾರವಾಯಿತು. ಇದರಲ್ಲಿ ಸೂಕ್ಷ್ಮಜೀವಿಯನ್ನು ಕೊಲ್ಲುವ ಅಂಶ ಯಾವುದೂ ಇಲ್ಲವಾದ್ದರಿಂದ, ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ಒರೆಸದೆ ಮುದ್ರೆ ಏರಿಸಿದರೆ ಕೊಳೆಯನ್ನೇ ಒಳಗೆ ಕೂಡಿಟ್ಟಂತಾಗಿ ಹಸು ಸತ್ತಿರುವ ಪ್ರಸಂಗಗಳೂ ಇವೆ. ಬತ್ತಿಸುವ ಮುನ್ನ ಹಿಂಡಿಯನ್ನು ಕಡಿಮೆ ಮಾಡಿ ದಿನದ ಹಾಲನ್ನು 15 ಲೀಟರ್‌ಗಿಂತ ಕೆಳಗಿಳಿಸುವುದು ಅಷ್ಟೇ ಮುಖ್ಯವಾದ ಸಿದ್ಧತೆ.

2022ರ ಜನವರಿ 28ರಿಂದ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಪಶುಔಷಧ ಕಾಯಿದೆಯು, ರೋಗ ಬರುವ ಮುನ್ನವೇ ಪ್ರತಿಜೈವಿಕ ಕೊಡುವುದನ್ನು ಅಪವಾದದ ಸಂದರ್ಭಗಳಿಗೆ ಸೀಮಿತಗೊಳಿಸಿದ್ದರಿಂದ, ಡಚ್ಚರ ಈ ಪದ್ಧತಿ ಒಕ್ಕೂಟದ ಎಲ್ಲ ದೇಶಗಳ ಪದ್ಧತಿಯೂ ಆಗಬೇಕಾಯಿತು.

ಹಾಲು ಕರೆಯುವ ಕಾಲದ ಚಿಕಿತ್ಸೆ

ಪ್ರಕಟ ಬಾವಿನ ಹಾಲನ್ನು ಪ್ರಯೋಗಾಲಯದಲ್ಲಿ ಕೃಷಿ ಮಾಡಿದಾಗ, ಅಂದರೆ ಬ್ಯಾಕ್ಟೀರಿಯಾ ಬೆಳೆಯುವ ತಟ್ಟೆಯ ಮೇಲೆ ಸವರಿ ಒಂದು ದಿನ ಬೆಚ್ಚಗಿಟ್ಟು ನೋಡಿದಾಗ, ಗಣನೀಯ ಪ್ರಮಾಣದ ಮಾದರಿಗಳಲ್ಲಿ ಏನೂ ಬೆಳೆಯುವುದಿಲ್ಲ. ಏನೂ ಬೆಳೆಯದ ಮಾದರಿಯ ಹಸುವಿಗೂ, ಕೋಲಿ ಬೆಳೆದ ಸೌಮ್ಯ ದರ್ಜೆಯ ಹಸುವಿಗೂ ಔಷಧದಿಂದ ಆಗುವ ಲಾಭ ಅತ್ಯಲ್ಪ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಕೊಟ್ಟಿಗೆಯಲ್ಲಿಯೇ ರೈತರು ಮಾಡಬಹುದಾದ ಸರಳ ತಟ್ಟೆಪರೀಕ್ಷೆಯು ಈ ತಿಳಿವಳಿಕೆಯನ್ನು ಆಧರಿಸಿದೆ. ಒಂದು ದಿನ ಕಾದು, ಗ್ರಾಮ್ ಬಣ್ಣ ಹಿಡಿಯುವ, ಸ್ಟ್ರೆಪ್ಟೊಕಾಕಸ್–ಸ್ಟಫಿಲೊಕಾಕಸ್‌ಗಳಂಥ ಗುಂಪಿನ ಬ್ಯಾಕ್ಟೀರಿಯಾ ಬೆಳೆದ ಹಸುಗಳಿಗೆ ಮಾತ್ರ ಟ್ಯೂಬು ಏರಿಸಿದಾಗ ಪ್ರತಿಜೈವಿಕ ಬಳಕೆ ಸುಮಾರು ಅರ್ಧಕ್ಕೆ ಇಳಿದು, ಹಸುಗಳ ಗುಣಮುಖತೆಯಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲವೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮೂರನೆಯ ದರ್ಜೆಯ ಬಾವಿಗೆ ಮಾತ್ರ ಈ ಕಾಯುವಿಕೆ ಸಲ್ಲದು. ಅಲ್ಲಿ ಬ್ಯಾಕ್ಟೀರಿಯಾ ರಕ್ತಕ್ಕೂ ಇಳಿದಿರುವ ಸಂಭವವಿರುವುದರಿಂದ ಚುಚ್ಚುಮದ್ದಿನ ಪ್ರತಿಜೈವಿಕ, ಗ್ಲೂಕೋಸ್–ಲವಣ ದ್ರಾವಣ, ನೋವು ಮತ್ತು ಉರಿಯೂತ ಇಳಿಸುವ ಔಷಧ ಕೂಡಲೇ ಬೇಕು.

ಉರಿಯೂತಶಾಮಕಗಳ ಪಾತ್ರ ಇತ್ತೀಚಿನವರೆಗೂ ಕಡೆಗಣಿತವಾಗಿತ್ತು. ಪ್ರತಿಜೈವಿಕ ಕೊಟ್ಟಾಗ ಊತ ಇಳಿಯುವುದನ್ನು ಕಾಣುವ ರೈತರಿಗೆ ನಿಜವಾಗಿ ಬೇಕಾಗಿರುವುದು ಹಲವು ಸಲ ಈ ಔಷಧವೇ. ಭಾರತದಲ್ಲಿ ಇದರ ಆಯ್ಕೆಗೆ ಇನ್ನೊಂದು ಷರತ್ತು ಇದೆ: ಔಷಧ ಪಡೆದ ದನಗಳ ಕಳೇಬರ ತಿಂದ ರಣಹದ್ದುಗಳ ಸಾವಿಗೆ ಕಾರಣವಾದ ಡೈಕ್ಲೊಫಿನ್ಯಾಕ್ ಅನ್ನು 2006ರಲ್ಲಿಯೂ, ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫಿನ್ಯಾಕ್ ಅನ್ನು 2023ರಲ್ಲಿಯೂ ಪಶುಚಿಕಿತ್ಸೆಯಿಂದ ಹೊರಗಿಟ್ಟಿರುವುದರಿಂದ, ಹದ್ದುಗಳಿಗೆ ನಿರಪಾಯಕಾರಿಯೆಂದು ಸಾಬೀತಾಗಿರುವ ಮೆಲಾಕ್ಸಿಕಾಮ್ ಬಳಸುವುದು ಯುಕ್ತ.

ಔಷಧ ಕೊಡಲೇಬೇಕಾದಲ್ಲಿ ಯಾವುದನ್ನು ಕೊಡಬೇಕೆಂಬುದೂ ಮಿತಬಳಕೆಯ ಭಾಗವೇ ಆಗಿದೆ. ಐರೋಪ್ಯ ಔಷಧ ಸಂಸ್ಥೆಯ ವರ್ಗೀಕರಣದಲ್ಲಿ ಸರಳ ಪೆನ್ಸಿಲಿನ್ ಮೊದಲ ಆಯ್ಕೆಯ ಗುಂಪಿನಲ್ಲಿದ್ದರೆ, ಮೂರನೆಯ ಮತ್ತು ನಾಲ್ಕನೆಯ ತಲೆಮಾರಿನ ಸೆಫಲೊಸ್ಪೊರಿನ್‌ಗಳೂ ಎನ್ರೊಫ್ಲಾಕ್ಸಾಸಿನ್‌ನಂಥ ಫ್ಲೂರೊಕ್ವಿನಲೋನ್‌ಗಳೂ ಮನುಷ್ಯರ ಗಂಭೀರ ಕಾಯಿಲೆಗಳಿಗೆ ಮೀಸಲಾಗಿ ಉಳಿಯಬೇಕಾದ, ಬೇರೆ ಯಾವುದೂ ಫಲಿಸದಾಗ ಮಾತ್ರ ಬಳಸಬೇಕಾದ ಗುಂಪಿನಲ್ಲಿವೆ. ನಾರ್ವೆಯಲ್ಲಿ ಇಂದಿಗೂ ಕೆಚ್ಚಲು ಬಾವಿಗೆ ಮೊದಲು ಕೈಗೆತ್ತಿಕೊಳ್ಳುವುದು ಪೆನ್ಸಿಲಿನ್ ಅನ್ನೇ. ಆ ದೇಶ 1970ರ ದಶಕದಿಂದಲೇ ಪ್ರತಿ ಹಸುವಿನ ರೋಗ ದಾಖಲೆಯನ್ನು ಇಟ್ಟು, ಬಾವಿಗೆ ಕಡಿಮೆ ತುತ್ತಾಗುವ ಹಸುಗಳ ಸಂತತಿಯ ಹೋರಿಗಳನ್ನೇ ತಳಿವೃದ್ಧಿಗೆ ಆರಿಸುತ್ತ ಬಂದಿರುವುದೂ ಔಷಧದ ಅಗತ್ಯವನ್ನೇ ಕುಗ್ಗಿಸಿದ ಕ್ರಮ.

ಭಾರತ ಮತ್ತು ಕರ್ನಾಟಕ

ಭಾರತದ ಪರಿಸ್ಥಿತಿ ಐರೋಪ್ಯ ಮಂದೆಗಳದ್ದಕ್ಕಿಂತ ಭಿನ್ನ. ಎರಡು ಮೂರು ಮಿಶ್ರತಳಿ ಹಸುಗಳನ್ನು ಕಟ್ಟಿಕೊಂಡು ಹಳ್ಳಿಯ ಡೈರಿಗೆ ಹಾಲು ಹಾಕುವ ಮನೆಗಳಲ್ಲಿ ಬತ್ತಿಸುವಾಗ ಟ್ಯೂಬು ಏರಿಸುವುದೇ ಅಪರೂಪ. ಇಲ್ಲಿ ಔಷಧ ಅತಿಯಾಗುವುದು ಬಾವು ಪ್ರಕಟವಾದಾಗ. ಪಶುವೈದ್ಯರು ದೂರವಿದ್ದು, ಹಾಲು ನಿಂತರೆ ದಿನದ ಸಂಪಾದನೆಯೇ ನಿಲ್ಲುವ ಮನೆಯಲ್ಲಿ, ಸೆಫ್ಟ್ರಿಯಾಕ್ಸೋನ್‌ನಂಥ ಮೂರನೆಯ ತಲೆಮಾರಿನ ಔಷಧವೇ ಮೊದಲ ಚುಚ್ಚುಮದ್ದಾಗುವುದೂ, ಊತ ಇಳಿದೊಡನೆ ಅರ್ಧಕ್ಕೇ ಚಿಕಿತ್ಸೆ ನಿಲ್ಲುವುದೂ ಉಂಟು. 2018ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ದೇಶಾದ್ಯಂತ ಸಂಗ್ರಹಿಸಿದ 6,432 ಹಾಲಿನ ಮಾದರಿಗಳಲ್ಲಿ 77ರಲ್ಲಿ ಪ್ರತಿಜೈವಿಕ ಶೇಷ ಮಿತಿಗಿಂತ ಹೆಚ್ಚಿತ್ತು. ಹಲವರ ಹಾಲು ಒಂದೇ ಕ್ಯಾನಿನಲ್ಲಿ ಬೆರೆತು ಶೇಷ ತೆಳುವಾಗುವುದರಿಂದ, ಈ ಅಂಕಿಯಿಂದ ಕೊಟ್ಟಿಗೆಯ ಮಟ್ಟದ ಬಳಕೆಯನ್ನು ಊಹಿಸುವುದು ಸರಿಯಾಗದು.

ಪರ್ಯಾಯವಾಗಿ ಇಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಮನೆಮದ್ದಿನ ಲೇಪ. ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾಲಯದ ಪ್ರೊ. ಪುಣ್ಯಮೂರ್ತಿ ಅವರೂ ಬೆಂಗಳೂರಿನ ಯಲಹಂಕದಲ್ಲಿರುವ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದ ತಜ್ಞರೂ ರೂಢಿಗೆ ತಂದ, ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹಾಲು ಒಕ್ಕೂಟಗಳ ಮೂಲಕ ಹಬ್ಬಿಸಿದ ಈ ಕ್ರಮದಲ್ಲಿ, 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣವನ್ನು ಒಟ್ಟಿಗೆ ಅರೆದು ಕೆಂಪಗಾದ ಲೇಪವನ್ನು, ಕೆಚ್ಚಲಿನ ಹಾಲನ್ನೆಲ್ಲ ಹಿಂಡಿ ತೆಗೆದು ತೊಳೆದ ಮೇಲೆ ದಿನಕ್ಕೆ ಎಂಟು ಹತ್ತು ಸಲ, ಐದು ದಿನ ಹಚ್ಚುತ್ತಾರೆ. ಅರಿಶಿನದ ಕರ್ಕ್ಯುಮಿನ್ ಉರಿಯೂತವನ್ನು ತಗ್ಗಿಸಬಲ್ಲದೆಂಬುದು ನಿಜ. ಪದೇ ಪದೇ ತೊಳೆದು ಹಿಂಡುವುದರಿಂದಲೂ ಪ್ರಯೋಜನವಿದ್ದೇ ಇದೆ. ಗುಣವಾದ ಹಸುಗಳ ಪ್ರಮಾಣವನ್ನು ಕ್ಷೇತ್ರವರದಿಗಳು ಬಹಳ ಹೆಚ್ಚಾಗಿ ಹೇಳುತ್ತವೆ. ಆದರೆ ಸೌಮ್ಯ ಬಾವು ತಾನಾಗಿಯೇ ವಾಸಿಯಾಗುವ ಸಂಭವ ಹೆಚ್ಚೆಂಬ ಯಾವ ಸಂಗತಿ ಪ್ರತಿಜೈವಿಕವನ್ನು ಅನಗತ್ಯವಾಗಿಸುತ್ತದೆಯೋ, ಅದೇ ಸಂಗತಿ ಲೇಪದ ಯಶಸ್ಸನ್ನು ಅಳೆಯುವುದನ್ನೂ ಕಷ್ಟವಾಗಿಸುತ್ತದೆ. ಏನೂ ಹಚ್ಚದ ಹಸುಗಳ ಗುಂಪಿನೊಂದಿಗೆ ಹೋಲಿಸದೆ ಲೇಪದಿಂದಲೇ ಗುಣವಾಯಿತೆನ್ನಲಾಗದು. ಒಂದನೆಯ ದರ್ಜೆಯ ಬಾವಿನಲ್ಲಿ ರೈತರ ಕೈಗೆ ಕೆಲಸ ಕೊಟ್ಟು ಚುಚ್ಚುಮದ್ದನ್ನು ತಡೆದರೂ ಲೇಪದಿಂದ ಲಾಭವಾದಂತೆಯೇ. ಜ್ವರ ಬಂದು ಮಲಗಿದ ಹಸುವಿಗೆ ಅದನ್ನೇ ನೆಚ್ಚಿ ಕೂರುವುದು ಅಪಾಯ.

ತಡೆಗಟ್ಟುವ ಕ್ರಮಗಳಲ್ಲಿ ಕೈಯಿಂದ ಕರೆಯುವ ನಾಡಿಗೆ ವಿಶೇಷವಾದವು ಕೆಲವಿವೆ. ಹೆಬ್ಬೆರಳನ್ನು ಮಡಚಿ ತೊಟ್ಟನ್ನು ಒತ್ತಿ ಎಳೆಯುವುದರಿಂದ ನಾಳದ ಒಳಪದರ ಗಾಯಗೊಳ್ಳುತ್ತದೆ. ಇಡೀ ಮುಷ್ಟಿಯಲ್ಲಿ ಹಿಡಿದು ಹಿಂಡುವುದು ಸರಿಯಾದ ವಿಧಾನ. ಕರೆದ ಮೇಲೆ ತೊಟ್ಟನ್ನು ಅಯೊಡಿನ್ ದ್ರಾವಣದಲ್ಲಿ ಅದ್ದಿ, ಹಸು ಕೂಡಲೇ ಮಲಗದಂತೆ ಮುಂದೆ ಹಸಿರು ಮೇವು ಹಾಕಿದರೆ ನಾಳ ಮುಚ್ಚಿಕೊಳ್ಳಲು ಸಮಯ ಸಿಗುತ್ತದೆ. ಸುಪ್ತ ಬಾವನ್ನು ಪತ್ತೆ ಮಾಡಲು 1957ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾ ಪರೀಕ್ಷೆ ಸಾಕು: ನಾಲ್ಕು ಗುಳಿಗಳ ತಟ್ಟೆಗೆ ನಾಲ್ಕು ತೊಟ್ಟುಗಳ ಹಾಲನ್ನು ಬೇರೆ ಬೇರೆಯಾಗಿ ಕರೆದು, ಮಾರ್ಜಕ ಬೆರೆಸಿ ಅಲುಗಾಡಿಸಿದರೆ, ಕೋಶಗಳು ಹೆಚ್ಚಿರುವ ಗುಳಿಯ ಹಾಲು ಲೋಳೆಯಂತೆ ಗಟ್ಟಿಯಾಗುತ್ತದೆ. ಪದೇ ಪದೇ ಮರುಕಳಿಸುವ ಆರಿಯಸ್ ಹಸುವನ್ನು ಮಂದೆಯಿಂದ ತೆಗೆಯಬೇಕೆಂಬ ಶಿನ್‌ಫೀಲ್ಡ್‌ನ ಅಂಶ ಮಾತ್ರ, 2020ರ ಗೋಹತ್ಯೆ ಪ್ರತಿಬಂಧಕ ಕಾಯಿದೆಯಿರುವ ಕರ್ನಾಟಕದಲ್ಲಿ ಹಾಗೆಯೇ ಅನ್ವಯವಾಗದು. ಅಂಥ ಹಸುವನ್ನು ಬೇರೆ ಕಟ್ಟಿ ಎಲ್ಲಕ್ಕಿಂತ ಕೊನೆಗೆ ಕರೆಯುವುದು, ಇಲ್ಲವೇ ಕೆಟ್ಟ ಭಾಗವೊಂದನ್ನೇ ಶಾಶ್ವತವಾಗಿ ಬತ್ತಿಸಿ ಉಳಿದ ಮೂರರಿಂದ ಹಾಲು ಪಡೆಯುವುದು ಇಲ್ಲಿ ಉಳಿದಿರುವ ದಾರಿಗಳು.

ಆಯ್ದ ಚಿಕಿತ್ಸೆಗೆ ಬೇಕಾದ ಮೂಲಸಾಮಗ್ರಿ ಹಸುವೊಂದರ ಕೋಶ ಎಣಿಕೆ. ಐರೋಪ್ಯ ಒಕ್ಕೂಟದಲ್ಲಿ ಟ್ಯಾಂಕಿನ ಹಾಲಿನ ಎಣಿಕೆ 4 ಲಕ್ಷ ಮೀರಿದರೆ, ಅಮೆರಿಕದಲ್ಲಿ 7.5 ಲಕ್ಷ ಮೀರಿದರೆ ಹಾಲು ಮಾರಾಟಕ್ಕೇ ತೊಡಕಾಗುವುದರಿಂದ, ರೈತರು ಪ್ರತಿ ಹಸುವಿನ ಎಣಿಕೆಯನ್ನೂ ನಿಯಮಿತವಾಗಿ ತಿಳಿದಿಟ್ಟುಕೊಳ್ಳುತ್ತಾರೆ. ಕರ್ನಾಟಕದ ಹಳ್ಳಿಯ ಡೈರಿಗಳಲ್ಲಿ ಹಾಲಿನ ದರ ನಿಂತಿರುವುದು ಜಿಡ್ಡಿನ ಅಂಶ ಮತ್ತು ಜಿಡ್ಡೇತರ ಘನಾಂಶದ ಮೇಲೆ. ಕೋಶ ಎಣಿಕೆ ಆ ಲೆಕ್ಕದೊಳಗೆ ಬರುವುದಿಲ್ಲ.